ಉಮಾಗೆ ಕೊಟ್ಟ ಬೇರೆ ಮಣೆ

ಪ್ರತಿ ಭಾನುವಾರ ಗುಬ್ಬಿಯಿಂದ ರೈಲಿನಲ್ಲಿ ಬಂದು, ಮ್ಯೂಸಿಯಂ ನೋಡಿಕೊಳ್ಳುವ ಮಹಾಲಕ್ಷ್ಮಮ್ಮ ಬೀಗ ತೆಗೆಯುವ ಹೊತ್ತಿಗೆ ಉಮಾಮಹೇಶ್ವರಿ ಆಗಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅದು ಎಂಬತ್ತಮೂರರ ಬೇಸಿಗೆ. ತುಮಕೂರಿನ ಆ ಎರಡು ಕೋಣೆಯ ಮಕ್ಕಳ ಮ್ಯೂಸಿಯಂನಲ್ಲಿ ಗಾಜಿನ ಬೀರುಗಳಿರಲಿಲ್ಲ. ಚೌಕಾಬಾರ, ತಕ್ಕಡಿ, ಅಳಗುಳಿ ಮಣೆ, ಎಲ್ಲವನ್ನೂ ಮುಟ್ಟಿ ಆಡಬಹುದಿತ್ತು. ಸರದಿ ಬಿಟ್ಟುಕೊಡೋದನ್ನೂ ಮಕ್ಕಳು ಕಲೀಲಿ ಅಂತ, ಒಬ್ಬರೇ ಆಡುವಂಥ ಒಂದು ಆಟಿಕೆಯನ್ನೂ ಅಲ್ಲಿ ಇಟ್ಟಿರಲಿಲ್ಲ.

ಉಮಾ ಕುಣಿಗಲ್ಲಿನವಳು, ಒಂಬತ್ತು ವರ್ಷ. ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಕೈಬೆರಳ ಮೇಲೂ ತುಟಿಯಂಚಿನಲ್ಲೂ ತೊನ್ನಿನ ಬಿಳಿ ಮಚ್ಚೆ.

"ಅಜ್ಜಿ, ಇವತ್ತು ನನ್ ಜೊತೆ ಯಾರಾದ್ರೂ ಆಡ್ತಾರಾ?"

"ಆಡ್ತಾರೆ ಕಣವ್ವ. ಬರ್ಲಿ ಇರು."

ಬರುತ್ತಿದ್ದರು. ಅವಳ ಕೈ ನೋಡಿ ಪಕ್ಕದ ಕೋಣೆಗೆ ಹೋಗುತ್ತಿದ್ದರು.

ಒಂದು ದಿನ ವನಜಮ್ಮ ತಮ್ಮ ಪುಟ್ಟ ಮಗಳು ಗಂಗಾಳ ಕೈ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. "ಏನ್ರೀ ಇದು, ಆ ಹುಡುಗಿ ಮುಟ್ಟಿದ ಬೀಜಾನೇ ನಮ್ಮ ಮಕ್ಕಳೂ ಮುಟ್ಬೇಕಾ?"

"ಅದು ಅಂಟಲ್ವಂತೆ ಕಣಮ್ಮ. ಡಾಕ್ಟ್ರೇ ಹೇಳವ್ರೆ."

"ಡಾಕ್ಟ್ರು ಹೇಳ್ತಾರೆ. ನಾಳೆ ಇವಳಿಗೆ ಬಂದ್ರೆ ಡಾಕ್ಟ್ರು ಬಂದು ತಾಳಿ ಕಟ್ತಾರಾ? ನಂಗೇನು ಆ ಮಗು ಮೇಲೆ ಸಿಟ್ಟಿಲ್ಲ ಕಣ್ರೀ. ನಂಗಿರೋದು ಹೆದರಿಕೆ."

ಮಹಾಲಕ್ಷ್ಮಮ್ಮನಿಗೆ ಎರಡೂ ಕಡೆ ಕರುಳು ಎಳೆಯಿತು. ಯಾರಿಗೂ ನೋವಾಗಬಾರದು ಅಂತ ಒಂದು ಉಪಾಯ ಹೂಡಿದರು. ಮುಂದಿನ ವಾರ ತಮ್ಮ ಮನೆಯ ಹಳೇ ಅಳಗುಳಿ ಮಣೆಯನ್ನು ಚೀಲದಲ್ಲಿ ಹೊತ್ತು ತಂದು, ಬೇರೆ ಹುಣಸೆಬೀಜ ಹಾಕಿ, ಕಿಟಕಿ ಪಕ್ಕ ಇಟ್ಟರು. "ಇದು ನಿಂಗೇ ಅಂತ ತಂದಿದೀನಿ ಕಣೇ. ಬೇರೆ ಯಾರಿಗೂ ಕೊಡಲ್ಲ."

"ಸರಿ ಅಜ್ಜಿ" ಅಂದಳು ಉಮಾ.

ಅವಳು ಈ ಕಡೆಯ ಗುಳಿಗಳಿಂದ ಬೀಜ ಎತ್ತಿ ಹಾಕುವಳು, ಎದ್ದು ಆ ಕಡೆ ಹೋಗಿ ಕೂರುವಳು, ಅಲ್ಲಿಂದ ಆಡುವಳು. ಹೀಗೆ ಒಬ್ಬರೇ ಆಡೋದಕ್ಕೆ ಹಳ್ಳಿಗಳಲ್ಲಿ ಸೀತೆಯಾಟ ಅಂತಾರೆ. ಅಶೋಕವನದಲ್ಲಿ ಸೀತಮ್ಮ ಹಾಗೆ ಆಡಿದಳಂತೆ. ಮನೆಯಲ್ಲಿ ಮಕ್ಕಳು ಹಾಗೆ ಆಡಿದರೆ, ಒಳ್ಳೇದಲ್ಲ ಅಂತ ಹಿರಿಯರು ಗದರಿ ಎಬ್ಬಿಸುತ್ತಾರೆ. ಮಹಾಲಕ್ಷ್ಮಮ್ಮ ಎಬ್ಬಿಸಲಿಲ್ಲ. ನೋಡಿಯೂ ನೋಡದ ಹಾಗೆ ಕಸ ಗುಡಿಸಿದರು. ಎರಡು ಭಾನುವಾರ ಯಾರ ದೂರೂ ಇರಲಿಲ್ಲ.

ಮೂರನೆಯ ಭಾನುವಾರ ಗಂಗಾ ತಾಯಿಯ ಕಣ್ಣು ತಪ್ಪಿಸಿ ಓಡಿಬಂದು ಉಮಾಳ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗುಳಿಗೆ ಕೈ ಹಾಕಿದಳು.

ಉಮಾ ಬೆಚ್ಚಿ ಮಣೆಯನ್ನು ಹಿಂದಕ್ಕೆಳೆದುಕೊಂಡಳು. "ಮುಟ್ಬೇಡ ಪುಟ್ಟಿ, ಅಂಟ್ಕೊಳುತ್ತೆ! ಇದು ನಂದು. ಅಜ್ಜಿ ಅದಕ್ಕೇ ಬೇರೆ ಕೊಟ್ಟವ್ರೆ. ಹೋಗಿ ಕೈ ತೊಳ್ಕೊ."

ಮಹಾಲಕ್ಷ್ಮಮ್ಮನ ಕೈಲಿದ್ದ ಪೊರಕೆ ನಿಂತಿತು. ಉಮಾಗೆ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ತಾವು ತಂದಿಟ್ಟ ಮಣೆಯೇ ಹೇಳಿಬಿಟ್ಟಿತ್ತು.

ಅವರು ಎಲ್ಲ ಮಕ್ಕಳೂ ಆಡುವ ಬೀಜದ ಡಬ್ಬಿಯನ್ನು ತಂದು ಉಮಾಳ ಮಣೆಯ ಮೇಲೆ ಬೋರಲು ಹಾಕಿದರು. ಎರಡರ ಬೀಜವನ್ನೂ ಎರಡು ಕೈಯಲ್ಲಿ ಕಲೆಸಿದರು.

"ಅಯ್ಯೋ, ಏನ್ ಮಾಡ್ತಿದೀರ್ರೀ? ಇನ್ಮೇಲೆ ಯಾವುದು ಯಾವುದು ಅಂತ ಗೊತ್ತಾಗೋದು ಹೆಂಗೆ?" ವನಜಮ್ಮ ಓಡಿಬಂದರು.

"ಗೊತ್ತಾಗ್ಬಾರ್ದು ಅಂತಾನೇ ಕಣಮ್ಮ."

"ಹಂಗಾದ್ರೆ ನಾವ್ಯಾರೂ ಬರಲ್ಲ."

"ನೀವು ಬರೋಗಂಟ ನಾವಿಬ್ರೇ ಆಡ್ತಿರ್ತೀವಿ ಬುಡಿ."

ವನಜಮ್ಮ ಮಗಳನ್ನು ಎತ್ತಿಕೊಂಡು ಹೊರಟರು. ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಕೋಣೆ ಭಣಭಣ ಅನ್ನತೊಡಗಿತು. ಮಹಾಲಕ್ಷ್ಮಮ್ಮ ಸೊಂಟ ಹಿಡಿದುಕೊಂಡು ಉಮಾಳ ಎದುರು ಚಕ್ಕಂಬಕ್ಕಲ ಹಾಕಿ ಕೂತರು. "ನಡಿ, ಮೊದಲ ಆಟ ನಿಂದು."

ಉಮಾ ಹೆದರಿ ಹೆದರಿ ಆಡಿದಳು. ಗೆಲ್ಲುವ ಗುಳಿ ಬಿಟ್ಟು ಸೋಲುವ ಗುಳಿಯನ್ನೇ ಎತ್ತಿದಳು. ಎದುರಿಗೆ ಒಬ್ಬರು ಕೂತಿದ್ದಾರಲ್ಲ, ಎದ್ದು ಹೋಗಿಬಿಟ್ಟರೆ? ಅದು ಮಹಾಲಕ್ಷ್ಮಮ್ಮನಿಗೆ ತಿಳಿಯಿತು. ಬೇಕೆಂದೇ ಅವಳ ಕಡೆಯ ಗುಳಿಯಿಂದ ಒಂದು ಬೀಜ ಕದ್ದರು. ಉಮಾ ನೋಡಿಯೂ ತನ್ನ ಆಟ ಮುಂದುವರಿಸಿದಳು. ಇನ್ನೊಂದು ಕದ್ದರು. ತುಟಿ ಕಚ್ಚಿಕೊಂಡಳು. ಆಮೇಲೆ ಇಡೀ ಗುಳಿಗೇ ಕೈ ಹಾಕಿದರು.

ಉಮಾ ಆ ಮುದಿ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು.

"ಅಜ್ಜೀ! ಮೋಸ ಮಾಡಿದ್ರೆ ನಾನ್ ಆಡಲ್ಲ ನೋಡಿ. ಇಡಿ ಕೆಳಗೆ!"