ನೆಟ್ಟಿ ಬಿಲಕ್ಕಿಳಿದ ಭಾನುವಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬೇಟೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ನಮ್ಮ ಮನೆಗೆ ಮೊಟ್ಟೆಯನ್ನೂ ತರುವುದಿಲ್ಲ. ಬರವಣಿಗೆಯೂ ಅಷ್ಟಕ್ಕಷ್ಟೆ, ಹಗಲು ವರ್ಕ್‌ಶಾಪಿನಲ್ಲಿ ದುಡಿದು ಮೈಸೂರಿನ ಸಂಜೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವನು ನಾನು. ಇನ್‌ಸ್ಪೆಕ್ಷನ್ ರಿಪೋರ್ಟು ಬರೆದು ಗೊತ್ತು, ಕಥೆ ಬರೆದು ಗೊತ್ತಿಲ್ಲ. ಆದರೂ 2009ರ ಸೆಪ್ಟೆಂಬರಿನ ಆ ಭಾನುವಾರವನ್ನು ನೆನೆದರೆ ಈಗಲೂ ಎದೆ ಡವಗುಟ್ಟುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ.

ಸ್ಟರ್ಲಿಂಗ್ ಹೈಟ್ಸ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾರಿನ ಗೇರುಗಳನ್ನು ಅಳೆದು ನೋಡುವುದು ನನ್ನ ಕೆಲಸ. ಇಂಚಿನ ಸಾವಿರದಲ್ಲೊಂದು ಭಾಗ ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎತ್ತಿಡಬೇಕು. ಆ ವರ್ಷ ಕಾರು ಕೊಳ್ಳುವವರೇ ಇಲ್ಲದೆ ವಾರಕ್ಕೆ ಮೂರೇ ದಿನ ಕೆಲಸ. ಪಕ್ಕದ ಬೆಂಚಿನ ವಾಲ್ಟ್ ನೊವಾಕ್ ಅವರಿಗೆ ಅದೂ ಇರಲಿಲ್ಲ. ಮೂವತ್ತೊಂದು ವರ್ಷ ದುಡಿದ ಅವರನ್ನು ಮಾರ್ಚಿನಲ್ಲೇ ಮನೆಗೆ ಕಳಿಸಿದ್ದರು. ಈ ದೇಶಕ್ಕೆ ಬಂದ ಹೊಸದರಲ್ಲಿ ಅಳತೆಯ ಉಪಕರಣ ಹಿಡಿಯುವುದನ್ನು ನನಗೆ ಕಲಿಸಿದ್ದು ಅವರೇ.

ವಾಲ್ಟ್ ಹತ್ತಿರ ಎರಡು ನಾಯಿಗಳಿದ್ದವು. ಡ್ಯೂಕ್ ಲರ್ಚರ್ ಜಾತಿಯದು. ಗ್ರೇಹೌಂಡ್ ರಕ್ತಕ್ಕೆ ಬೇರೆ ದುಡಿಯುವ ನಾಯಿಯ ರಕ್ತ ಬೆರೆಸಿ ಹುಟ್ಟಿಸಿದ್ದು. ಉದ್ದನೆಯ ಕಾಲು, ಒಳಸೇರಿದ ಹೊಟ್ಟೆ, ಓಡಿದರೆ ಗಾಳಿ. ಇನ್ನೊಂದು ನೆಟ್ಟಿ, ಹನ್ನೆರಡು ಪೌಂಡಿನ ಕರೀ ಹೆಣ್ಣು ಟೆರಿಯರ್. ಅವಳ ಕೆಲಸವೆಲ್ಲ ನೆಲದ ಕೆಳಗೆ. ಕೌಂಟಿಯ ಉತ್ತರದ ಹೊಲಗಳಲ್ಲಿ ಗ್ರೌಂಡ್‌ಹಾಗ್ ಎಂಬ ಪ್ರಾಣಿಯ ಕಾಟ. ಬೆಕ್ಕಿಗಿಂತ ದಪ್ಪ, ಹೆಗ್ಗಣದ ಹಲ್ಲು, ತಿನ್ನುವುದು ಹುಲ್ಲು. ಅದು ತೋಡಿದ ಬಿಲಕ್ಕೆ ಕಾಲಿಟ್ಟು ಕುದುರೆಗಳು ಮೂಳೆ ಮುರಿದುಕೊಳ್ಳುತ್ತವೆ. ಆಗ ರೈತರು ವಾಲ್ಟ್‌ಗೆ ಫೋನ್ ಮಾಡುತ್ತಾರೆ. ಟೆರಿಯರ್ ಬಿಲಕ್ಕಿಳಿದು ಆ ಪ್ರಾಣಿಯ ಮುಖಕ್ಕೆ ಮುಖ ಕೊಟ್ಟು ಬೊಗಳುತ್ತದೆ. ಅದು ಹೆದರಿ ಬೇರೆ ಬಾಗಿಲಿನಿಂದ ಓಡಿದರೆ ಹೊರಗೆ ಲರ್ಚರ್ ಕಾದಿರುತ್ತದೆ. ಓಡದೆ ಕುಳಿತರೆ ಬೊಗಳುವ ಸದ್ದು ಕೇಳುವ ಕಡೆ ಮೇಲಿನಿಂದ ಅಗೆಯಬೇಕು.

ಆಗಸ್ಟಿನಲ್ಲಿ ವಾಲ್ಟ್ ಇಂಡಿಯಾನಾದ ತಮ್ಮನ ಜೊತೆ ಸೂರು ಹೊದಿಸುವ ಕೆಲಸಕ್ಕೆ ಮೂರು ವಾರ ಹೋದರು. ನೆಟ್ಟಿ ಹೂವಿನ ಪಾತಿಯನ್ನೆಲ್ಲ ಕೆದರುತ್ತಾಳೆಂದು ತಮ್ಮನ ಹೆಂಡತಿ ಅವಳನ್ನು ಬೇಡವೆಂದಿದ್ದಳಂತೆ. ಡ್ಯೂಕ್ ಜೊತೆಗೆ ಹೋಯಿತು, ನೆಟ್ಟಿ ನಮ್ಮ ಮನೆಗೆ ಬಂದಳು. ಬಿಡುವಾಗ ವಾಲ್ಟ್ ಅವಳ ಮುಂಗಾಲಿನ ಹಿಂದೆ ಎರಡೂ ಕೈ ಹಾಕಿ ಎದೆಯನ್ನು ಬಳಸಿ ಹಿಡಿದು ತೋರಿಸಿದರು. ಹೆಬ್ಬೆರಳಿಗೆ ಹೆಬ್ಬೆರಳು, ಕೆಳಗೆ ಬೆರಳಿಗೆ ಬೆರಳು ತಾಗಬೇಕು. ತಾಗದಿದ್ದರೆ ಆ ನಾಯಿ ಬಿಲಕ್ಕಿಳಿಯಬಾರದು. ಗ್ರೌಂಡ್‌ಹಾಗ್ ನುಸುಳುವ ಸಂದಿಯಲ್ಲಿ ಸಿಕ್ಕಿಕೊಂಡು ಉಸಿರುಗಟ್ಟುತ್ತದೆ. ದಿನಕ್ಕೆ ಒಂದು ಬಟ್ಟಲು ಒಣ ತಿಂಡಿ, ಕೆಲಸದ ದಿನ ಬೆಳಿಗ್ಗೆ ಅದೂ ಇಲ್ಲ. ನಾನು ಇದನ್ನೆಲ್ಲ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಚೀಟಿ ಅಲ್ಲೇ ಇತ್ತು. ಆದರೆ ನಾವು ಊಟಕ್ಕೆ ಕೂತಾಗ ಎದುರಿಗೆ ಕೂತು ಪ್ರತಿ ತುತ್ತನ್ನೂ ನೋಡುವ ಜೀವಕ್ಕೆ ಏನೂ ಹಾಕದೆ ತಿನ್ನುವುದು ಹೇಗೆ? ಎರಡನೇ ದಿನ ನನ್ನ ಹೆಂಡತಿ ಸರಳಾ, ಹಾಗೆ ನೋಡಿಸಿಕೊಂಡು ತಿಂದರೆ ನಮಗೆ ಅರಗುವುದಿಲ್ಲವೆಂದು, ಒಂದು ಹಿಡಿ ತುಪ್ಪದನ್ನ ಕಲಸಿ ಇಟ್ಟಳು. ಮೂರನೇ ದಿನದಿಂದ ಇಡುತ್ತಿದ್ದವನು ನಾನೇ. ಎರಡು ಹೊತ್ತು, ಮೊಸರನ್ನ. ವಾಲ್ಟ್ ಹಿಂತಿರುಗುವ ಹಿಂದಿನ ದಿನ ಅವಳ ಎದೆಯನ್ನು ಬಳಸಿ ಹಿಡಿದು ನೋಡಿದೆ. ಬೆರಳು ಕೂಡಲಿಲ್ಲ. ನನ್ನ ಕೈ ಚಿಕ್ಕದಿರಬಹುದೆಂದು ಟೇಪು ತಂದೆ. ಮೊದಲ ದಿನ ಅಳೆದು ಬರೆದಿಟ್ಟದ್ದಕ್ಕಿಂತ ಅರ್ಧ ಇಂಚು ಹೆಚ್ಚು.

ಆ ಭಾನುವಾರ ವಾಲ್ಟ್ ನೆಟ್ಟಿಯ ಜೊತೆ ನನ್ನನ್ನೂ ಒಂದು ಫಾರ್ಮಿನ ಕೆಲಸಕ್ಕೆ ಕರೆದೊಯ್ಯುವವರಿದ್ದರು. ಬೆಳಿಗ್ಗೆ ಅವರು ಬರುವ ಮೊದಲು ನೆಟ್ಟಿ ಖಾಲಿ ತಟ್ಟೆಯ ಮುಂದೆ ಕೂತಿದ್ದಳು. ಬೇಡವೆಂದು ಎರಡು ಸಲ ಒಳಗೆ ಹೋದೆ.

“ರೀ, ಕೆಲ್ಸಕ್ಕೆ ಹೊರಟಿರೋಳು ಅದು. ಬರೀ ಹೊಟ್ಟೇಲಿ ಕಳಿಸ್ತಾರಾ ಯಾರಾದ್ರೂ?” ಎಂದಳು ಸರಳಾ.

ನಮ್ಮ ಮನೆಯಿಂದ ಯಾರೂ ಹಾಗೆ ಹೊರಟದ್ದಿಲ್ಲ. ಮೊಸರನ್ನ ಇಟ್ಟೆ. ವಾಲ್ಟ್ ಟ್ರಕ್ ನಿಲ್ಲಿಸಿ, ಇಳಿಯದೆಯೇ ಕಿಟಕಿಯಿಂದ, ಹೇಳಿದ ಹಾಗೇ ನೋಡಿಕೊಂಡೆಯಾ ಎಂದು ಕೇಳಿದರು. ಹೌದು ಎಂದೆ. ಅವರು ಅವಳನ್ನು ಹಿಡಿದು ನೋಡಲಿಲ್ಲ. ಗೇರಿನ ಮೇಲೆ ನನ್ನ ಮುದ್ರೆ ಬಿದ್ದರೆ ಮತ್ತೆ ಅಳೆಯುವವರಲ್ಲ ಅವರು.

ನಮ್ಮ ಜೊತೆ ನಿರಂಜನ್ ಕೂಡ ಹೊರಟ, ನಮ್ಮ ಮನೆಗೆ ಬಂದುಹೋಗುವ ಕನ್ನಡದ ಹುಡುಗ. ನೋವೈ ಎಂಬ ಊರಿನ ಕಂಪನಿಯಲ್ಲಿ ಅವನ ಕಾಂಟ್ರ್ಯಾಕ್ಟ್ ಮುಗಿದು ಎರಡು ತಿಂಗಳಾಗಿತ್ತು. ದಿನವಿಡೀ ಬೇರೆ ಕೆಲಸಕ್ಕೆ ಅಪ್ಲೈ ಮಾಡುತ್ತ ಕೂತಿದ್ದವನನ್ನು ನಾನೇ ಹೊರಗೆ ಎಳೆದಿದ್ದೆ. ಬಿಳೀ ಶೂ ಹಾಕಿಕೊಂಡು ಬಂದಿದ್ದ.

ಅದು ಆರ್ಮಡಾ ಊರಿನಾಚೆಯ ಕುದುರೆ ಫಾರ್ಮ್. ಲಾಯದ ಕಲ್ಲಿನ ಗೋಡೆಯ ಬುಡದಲ್ಲೇ ಒಂದು ಬಿಲದ ಬಾಯಿ, ನಲವತ್ತು ಅಡಿ ದೂರ ಹುಲ್ಲುಗಾವಲಿನಲ್ಲಿ ಇನ್ನೊಂದು. ನಡುವೆ, ಲಾಯಕ್ಕೆ ಹತ್ತಿರವಾಗಿ, ಎಂದೋ ಕಡಿದ ಎಲ್ಮ್ ಮರದ ಬೊಡ್ಡೆ. ವಾಲ್ಟ್ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ ಬಿಲದ ದಾರಿ ಗುರುತಿಸಿದರು. ಬೊಡ್ಡೆಯ ಕೆಳಗೆ ಒಂದು ಕಡೆ ದೊಡ್ಡ ಬಂಡೆ, ಇನ್ನೊಂದು ಕಡೆ ಬೇರು, ಅವುಗಳ ಮಧ್ಯೆ ದಾರಿ ಕಿರಿದಾಗುತ್ತದೆ ಎಂದರು. ನೆಟ್ಟಿ ಇದಕ್ಕಿಂತ ಕಿರಿದಾದದ್ದರಲ್ಲಿ ಹೋಗಿದ್ದಾಳೆ ಎಂದೂ ಹೇಳಿದರು. ನಾನು ಆಗಲೇ ಹೇಳಬೇಕಿತ್ತು.

ಆದರೆ ನೆಟ್ಟಿಯನ್ನು ನೋಡಬೇಕಿತ್ತು ನೀವು! ನಮ್ಮ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ ಪ್ರಾಣಿ ಅದಲ್ಲ. ಇಡೀ ಮೈ ತಂತಿಯ ಹಾಗೆ ಬಿಗಿದು ನಡುಗುತ್ತಿತ್ತು, ಗಂಟಲಿನಲ್ಲಿ ಸಣ್ಣ ಕುಯ್ ಕುಯ್. ವಾಲ್ಟ್ ಅವಳ ಕುತ್ತಿಗೆಗೆ ಸಿಗ್ನಲ್ ಕಳಿಸುವ ಪಟ್ಟಿ ಕಟ್ಟಿದರು. ಅವರ ಕೈಯಲ್ಲಿದ್ದ ಡಬ್ಬಿ ಅವಳು ಎಲ್ಲಿದ್ದಾಳೆಂದು ಟಿಕ್ ಟಿಕ್ ಎಂದು ಹೇಳುತ್ತದೆ. ಕೈ ಬಿಟ್ಟದ್ದೇ ತಡ, ಕರೀ ಬಾಲ ಗೋಡೆಯ ಬುಡದ ಬಿಲದೊಳಗೆ ಮಾಯ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ನಮ್ಮ ಕಾಲ ಕೆಳಗಿನಿಂದ, ಭೂಮಿಯ ಹೊಟ್ಟೆಯೊಳಗಿನಿಂದ, ಬೊಗಳು ಕೇಳಿಸಿತು. ನಿರಂಜನ್ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಮರುಕ್ಷಣ ನೆಲಕ್ಕೆ ಕಿವಿಯಿಟ್ಟು ಮಲಗಿಯೇಬಿಟ್ಟ. ನಾನೂ ಮಲಗಿದೆ. ಅಂಗೈಗೆ ಮಣ್ಣು ಅದುರುವುದು ತಿಳಿಯುತ್ತಿತ್ತು. ಡಬ್ಬಿ ಬೊಡ್ಡೆಯ ಮೇಲೆ ಜೋರಾಗಿ ಟಿಕ್‌ಗುಟ್ಟಿತು, ಗೊರಗೊರ ಎಂದಿತು, ಸುಮ್ಮನಾಯಿತು. ಪಟ್ಟಿ ಹಳೆಯದು, ಸತ್ತಿತ್ತು.

ಅಷ್ಟರಲ್ಲಿ ಹುಲ್ಲುಗಾವಲಿನ ಬಾಯಿಯಿಂದ ಕಂದು ಬಣ್ಣದ ಒಂದು ಮುದ್ದೆ ಹೊರಗೆ ಚಿಮ್ಮಿತು. ಡ್ಯೂಕ್ ವಾಲ್ಟ್ ಕೈಯಿಂದ ಹಗ್ಗ ಕಿತ್ತುಕೊಂಡು ಹಾರಿತು. ಅಷ್ಟು ದಪ್ಪ ಪ್ರಾಣಿ ಅಷ್ಟು ವೇಗವಾಗಿ ಓಡಬಲ್ಲದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಡ್ಯೂಕ್ ನಾಲ್ಕೇ ನೆಗೆತಕ್ಕೆ ಅದರ ಬೆನ್ನ ಮೇಲಿತ್ತು, ಬಾಯಿ ಹಾಕಿತು, ಸಿಕ್ಕಿಯೇಬಿಟ್ಟಿತೆಂದು ನಾನು ಕೂಗಿದೆ. ಗ್ರೌಂಡ್‌ಹಾಗ್ ಕೊನೆಯ ಗಳಿಗೆಯಲ್ಲಿ ಹೊರಳಿ ಬೇಲಿಯ ಕಲ್ಲುರಾಶಿಯೊಳಗೆ ನುಗ್ಗಿತು. ಅದು ಸಾಯಲಿ ಎಂದು ಕೂಗಿದೆನೋ ಉಳಿಯಲಿ ಎಂದೋ, ನನಗೆ ತಿಳಿಯದು. ಕೂಗಿದ್ದಂತೂ ನಿಜ.

ಹಿಂದೆಯೇ ಓಡಿದ ನಿರಂಜನ್ ಕುದುರೆಗಳ ನೀರುತೊಟ್ಟಿಯ ಪಕ್ಕ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. “ಅಂಕಲ್, ಟೆಂಪಲ್‌ಗೆ ಕರ್ಕೊಂಡು ಹೋಗಿದ್ರೆ ಶೂ ಹೊರಗೆ ಬಿಟ್ಟು ಹೋಗ್ಬೋದಿತ್ತು. ಇಲ್ಲಿ ಶೂನೇ ಹೋಯ್ತು” ಎಂದು ಹಲ್ಲು ಕಿರಿದ.

ನಾವು ನಗುತ್ತಲೇ ಲಾಯದ ಕಡೆ ಬಂದೆವು. ನೆಟ್ಟಿ ಹೊರಬಂದಿರಲಿಲ್ಲ. ಹತ್ತು ನಿಮಿಷ ಕಾದೆವು. ಇಪ್ಪತ್ತು. ಬೊಗಳು ನಿಂತಿತ್ತು.

ವಾಲ್ಟ್ ಲೆಕ್ಕ ಹಾಕಿದರು. ಗ್ರೌಂಡ್‌ಹಾಗ್ ಆ ಕಡೆ ಓಡಿತೆಂದರೆ ನೆಟ್ಟಿ ಹಿಂದಿನಿಂದ ಅಟ್ಟಿಕೊಂಡು ಹೋಗಿದ್ದಾಳೆ. ಬೊಡ್ಡೆ ದಾಟಿ ಮುಂದೆ ಇದ್ದಾಳೆ. ಅಲ್ಲಿ ಇನ್ನೊಂದು ಪ್ರಾಣಿ ಇರಬೇಕು, ಇಲ್ಲವೆ ಮಣ್ಣು ಕುಸಿದಿರಬೇಕು. ಬೊಡ್ಡೆಗೂ ಹುಲ್ಲುಗಾವಲಿಗೂ ನಡುವೆ ಗುರುತು ಹಾಕಿ ಸಲಿಕೆ ಕೊಟ್ಟರು. ಫಾರ್ಮಿನ ಹೆಂಗಸು ಟ್ರ್ಯಾಕ್ಟರ್ ತರಲೇ ಎಂದಳು. ಅದರ ಭಾರಕ್ಕೆ ಬಿಲ ಕುಸಿಯುತ್ತದೆಂದು ಬೇಡವೆಂದರು.

ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತೈದು ಡಿಗ್ರಿ ಬಿಸಿಲು, ಊರಿನ ಲೆಕ್ಕದಲ್ಲಿ ಮೂವತ್ತರ ಹತ್ತಿರ. ಜೇಡಿಮಣ್ಣು ಸಲಿಕೆಗೆ ಅಂಟಿಕೊಳ್ಳುತ್ತಿತ್ತು. ಅರವತ್ತೆರಡು ವರ್ಷದ ಮನುಷ್ಯ ನಮ್ಮಿಬ್ಬರಿಗಿಂತ ವೇಗವಾಗಿ ಅಗೆಯುತ್ತಿದ್ದರು, ಪ್ರತಿ ಹತ್ತು ಏಟಿಗೊಮ್ಮೆ ನಿಂತು ಆಲಿಸುತ್ತಿದ್ದರು. ಒಂದು ಗಂಟೆಯಲ್ಲಿ ಎದೆಮಟ್ಟ ಇಳಿದು ಬಿಲ ಸಿಕ್ಕಿತು. ಖಾಲಿ. ಇನ್ನೂ ಮುಂದೆ ಇರಬೇಕೆಂದು ವಾಲ್ಟ್ ಹುಲ್ಲುಗಾವಲಿನ ಕಡೆಗೆ ಹೊಸ ಗುರುತು ಹಾಕಿದರು.

ಆಗ ನನಗೆ ಗೊತ್ತಾಯಿತು. ಅವರ ಲೆಕ್ಕವೆಲ್ಲ ನಿಂತಿದ್ದದ್ದು ನನ್ನ ‘ಹೌದು’ ಎಂಬ ಮಾತಿನ ಮೇಲೆ. ಅವಳು ಬೊಡ್ಡೆಯ ಸಂದಿಯನ್ನು ದಾಟಬಲ್ಲಳೆಂದು ಅವರು ನಂಬಿದ್ದರು. ಅರ್ಧ ಇಂಚು ಅವರ ಲೆಕ್ಕದಲ್ಲಿರಲಿಲ್ಲ.

ನಿರಂಜನ್ ನನ್ನನ್ನೇ ನೋಡುತ್ತಿದ್ದ. “ಆಗ್ಲಿಂದ ಬಾಯಿ ತೆರೀತೀರಾ, ಮುಚ್ತೀರಾ. ಏನದು?”

“ಬೆಳಗ್ಗೆ ಅವಳಿಗೆ ಮೊಸರನ್ನ ಹಾಕಿದೀನಿ ಕಣಯ್ಯಾ. ಮೂರು ವಾರದಿಂದ್ಲೂ. ದಪ್ಪ ಆಗಿದಾಳೆ. ಅಳೆದಿದೀನಿ.”

ಅವನು ನಗಬಹುದೆಂದುಕೊಂಡಿದ್ದೆ. ನಗಲಿಲ್ಲ. “ನಂಗ್ಯಾಕೆ ಹೇಳ್ತೀರಾ? ಅವ್ರಿಗೆ ಹೇಳಿ. ಈಗ್ಲೇ.”

ಗುಂಡಿಯೊಳಗೆ ನಿಂತಿದ್ದ ವಾಲ್ಟ್ ಎದುರಿಗೆ ಹೋಗಿ ಎಲ್ಲ ಹೇಳಿದೆ. ತುಪ್ಪ, ಮೊಸರು, ಎರಡು ಹೊತ್ತು, ಇವತ್ತಿನ ಬೆಳಿಗ್ಗೆ. ನನ್ನ ಇಂಗ್ಲಿಷ್ ತಡವರಿಸಿತು. ಕಿಟಕಿಯಲ್ಲಿ ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಮುಖದ ಬೆವರು ಒರೆಸಿ ಒಂದೇ ಕೇಳಿದರು: ಎಷ್ಟು ಹೆಚ್ಚು?

“ಅರ್ಧ ಇಂಚು.”

“ನೀನೇ ಅಳೆದೆಯಾ?”

“ನಾನೇ.”

“ಹಾಗಾದರೆ ಅವಳು ಬೊಡ್ಡೆ ದಾಟಿಲ್ಲ.” ಸಲಿಕೆ ಎತ್ತಿಕೊಂಡು ಓಡಿದರು.

ಆಮೇಲಿನ ಇಪ್ಪತ್ತು ನಿಮಿಷ ನಾವು ಮೂವರೂ ಮನುಷ್ಯರ ಹಾಗೆ ಅಗೆಯಲಿಲ್ಲ. ನಿರಂಜನ್ ಹಾರೆಯಿಂದ ಮಣ್ಣು ಸಡಿಲಿಸಿದ, ನಾನು ಬಾಚಿ ಬಾಚಿ ಎಸೆದೆ, ವಾಲ್ಟ್ ಬೇರಿನ ಸುತ್ತ ಕೆತ್ತಿದರು. ಮೂರಡಿಯಲ್ಲಿ ಬಂಡೆಯ ನೆತ್ತಿ ತಾಗಿತು. ವಾಲ್ಟ್ ಕೈಯೆತ್ತಿದರು. ಉಸಿರು ಬಿಗಿಹಿಡಿದು ನಿಂತೆವು.

ಕೆರೆತದ ಸದ್ದು. ಒಂದೇ ಸಲ, ಬೆಂಕಿಕಡ್ಡಿ ಗೀರಿದಷ್ಟು ಸಣ್ಣದು.

ವಾಲ್ಟ್ ಹೊಟ್ಟೆಯ ಮೇಲೆ ಬಿದ್ದು ಕೈಯಿಂದಲೇ ತೋಡತೊಡಗಿದರು. ಕರೀ ಬಾಲ ಕಂಡಿತು, ಅಲುಗಲಿಲ್ಲ. ಹಿಂಗಾಲಿನ ಸುತ್ತ ಮಣ್ಣು ಗಾರೆಯ ಹಾಗೆ ಒತ್ತಿಕೊಂಡಿತ್ತು. ಸಲಿಕೆಯ ಮೂರು ಏಟಿಗೆ ಬೇರು ಕಡಿದುಹೋಯಿತು. ನಿರಂಜನ್ ಹಾರೆಯನ್ನು ಬಂಡೆಯ ಕೆಳಗೆ ಸೇರಿಸಿ ನೇತಾಡಿದ, ಬಂಡೆ ಹೊರಳಿತು, ವಾಲ್ಟ್ ಎಳೆದರು. ನೆಟ್ಟಿ ಬಂದಳು. ಕಣ್ಣು, ಕಿವಿ, ಬಾಯಿ ಎಲ್ಲ ಮಣ್ಣು, ಮೂಗಿನ ಮೇಲೆ ಹಲ್ಲಿನ ಗಾಯ. ವಾಲ್ಟ್ ಬೆರಳಿನಿಂದ ಬಾಯಿಯ ಮಣ್ಣು ತೆಗೆದು ಪಕ್ಕೆಯನ್ನು ಉಜ್ಜಿದರು, ಉಜ್ಜಿದರು. ನಾನು ಯಾವ ದೇವರ ಹೆಸರು ಹೇಳಿದೆನೋ.

ಅವಳು ಸೀನಿದಳು. ಮತ್ತೆ ಸೀನಿದಳು. ತಲೆ ಕೊಡವಿ, ನಮ್ಮ ಮೂವರ ಮುಖವನ್ನೂ ನೋಡಿ, ವಾಲ್ಟ್ ಕೈಯಿಂದ ಜಾರಿ ನೇರ ಬಿಲದ ಕಡೆಗೇ ಹೊರಟಳು. ವಾಲ್ಟ್ ಹಿಂಗಾಲು ಹಿಡಿದು ಎಳೆದುಕೊಂಡರು. ನಿರಂಜನ್ ಮಣ್ಣಿನಲ್ಲಿ ಕೂತು ಬಿದ್ದು ಬಿದ್ದು ನಗುತ್ತಿದ್ದ, ಕೆನ್ನೆಯೆಲ್ಲ ಒದ್ದೆ. ನಾನು ಏನು ಮಾಡಿದೆನೆಂದು ಬರೆಯುವುದಿಲ್ಲ.

ಗುಂಡಿ ಮುಚ್ಚುವ ಮೊದಲು ಕ್ಷಮೆ ಕೇಳಿದೆ. ವಾಲ್ಟ್ ನೆಟ್ಟಿಯ ಹಿಂಗಾಲಿನ ಹಿಂದಿದ್ದ ಗಟ್ಟಿ ಮಣ್ಣನ್ನು ತೋರಿಸಿದರು. ಇದು ಕುಸಿದದ್ದು ಎಂದರು. ಬೇರಿನಡಿ ಬಿಲದ ಸೂರು ಬಿದ್ದು ಹಿಂದಿನ ದಾರಿ ಮುಚ್ಚಿದೆ. ಎಷ್ಟು ತೆಳ್ಳಗಿನ ನಾಯಿಯಾದರೂ ಸಿಕ್ಕಿಕೊಳ್ಳುತ್ತಿತ್ತು ಎಂದರು. ನಾನು ಟೇಪು ತೆಗೆದುಕೊಂಡು ಗುಂಡಿಗಿಳಿದೆ. ಬಂಡೆ ಹೊರಳಿ ಬೇರೆಡೆ ಬಿದ್ದಿತ್ತು, ಬೇರು ಮೂರು ತುಂಡಾಗಿತ್ತು. ಅಳೆಯಲು ಸಂದಿಯೇ ಉಳಿದಿರಲಿಲ್ಲ.

ಅವಳನ್ನು ಹಿಡಿದದ್ದು ಕುಸಿದ ಮಣ್ಣೋ ನಾನು ಹಾಕಿದ ಅನ್ನವೋ ನನಗೆ ಗೊತ್ತಿಲ್ಲ. ವಾಲ್ಟ್ ಹೇಳಿದ್ದು ಅವರು ಕಂಡದ್ದೋ, ನನಗೆ ಸಮಾಧಾನವಾಗಲೆಂದು ಆಡಿದ ಮಾತೋ, ಅದೂ ಗೊತ್ತಿಲ್ಲ.