ಕತ್ತರಿಗೆ ತೂರದ ಬೆರಳು

ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರದೇ ಹೋದ ದಿನ ಕ್ಷೌರಿಕ ಅದನ್ನು ಬಲವಂತವಾಗಿ ಒತ್ತಿ ತೂರಿಸಿದ. ಆಮೇಲೆ ತೆಗೆಯಲು ಸೋಪು ಹಚ್ಚಬೇಕಾಯಿತು. ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿಕೊಂಡಿತ್ತು. ಕುರ್ಚಿಯಲ್ಲಿದ್ದ ಗಿರಾಕಿ ಅರೆಬರೆ ಕತ್ತರಿಸಿದ ತಲೆ ಹೊತ್ತು ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ.

ಎರಡು ವರ್ಷದಿಂದ ಇದೇ ಪಾಡು. ಬೆಳಗ್ಗೆ ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲು ಬಾರದು, ಹಿಮ್ಮಡಿ ಊರಲಾಗದು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ರಕ್ತ ನೋಡಿ, "ಸಂಧಿವಾತ ಏನಿಲ್ಲ. ದಿನವಿಡೀ ಕತ್ತರಿ ಆಡಿಸ್ತೀರಲ್ಲ, ಅದಕ್ಕೇ" ಎಂದು ನೋವಿನ ಮಾತ್ರೆ ಬರೆದಿದ್ದರು. ಅವನಿಗೂ ಅದೇ ಸರಿಯೆನಿಸಿತ್ತು.

ಈ ಸಲ ಅವನು ಬೇಡವೆಂದರೂ ಅವನ ಅಕ್ಕ ಜಗ್ಗಲಿಲ್ಲ. ಕೀಲುನೋವಿಗೆಂದೇ ಇರುವ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಹೊಸ ಎಕ್ಸ್‌ರೇ ನೋಡಿ, ಬೆರಳು ಒತ್ತಿ, "ಚರ್ಮದ ತೊಂದರೆ ಏನಾದ್ರೂ ಇದೆಯಾ?" ಎಂದು ಕೇಳಿದರು.

"ಏನೂ ಇಲ್ಲ."

"ಏನೂ ಇಲ್ವಾ!" ಅಕ್ಕ ಗರಕ್ಕನೆ ತಿರುಗಿದಳು. "ಹನ್ನೆರಡು ವರ್ಷದಿಂದ ಸೋರಿಯಾಸಿಸ್ ಇದೆ ಡಾಕ್ಟ್ರೇ. ಸುಡೋ ಬಿಸಿಲಲ್ಲೂ ಉದ್ದ ತೋಳಿನ ಅಂಗಿ ಹಾಕ್ಕೊಂಡು ಬೇಯ್ತಾನೆ. ತೋರಿಸೋ!"

"ಅಕ್ಕಾ, ನಾವು ಬಂದಿರೋದು ಕೈನೋವಿಗೆ."

ಗಿರಾಕಿಗಳಿಗೆ ತಿಳಿದರೆ ಅಂಗಡಿಗೆ ಬೀಗ ಬೀಳುತ್ತದೆಂದು ಮುಚ್ಚಿಟ್ಟೂ ಮುಚ್ಚಿಟ್ಟೂ, ಕೇಳಿದವರು ಡಾಕ್ಟರಾದರೂ ಬಾಯಿಗೆ 'ಇಲ್ಲ' ಎಂದೇ ಬರುತ್ತಿತ್ತು. ಕೊನೆಗೆ ತೋಳಿನ ಗುಂಡಿ ಬಿಚ್ಚಿದ. ಮೊಣಕೈ ಮೇಲೆ ಬಿಳಿಯ ಹೊಟ್ಟು ಎದ್ದ ಕೆಂಪು ಕಲೆ. ಡಾಕ್ಟರಮ್ಮ ಅವನ ಉಗುರುಗಳನ್ನು ಬೆಳಕಿಗೆ ಹಿಡಿದರು. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿಗಳು.

"ಎರಡೂ ಒಂದೇ ಕಾಯಿಲೆ. ಸೋರಿಯಾಸಿಸ್ ಇರೋರಲ್ಲಿ ಕೆಲವರಿಗೆ ಕೀಲಿಗೂ ಬರುತ್ತೆ. ರಕ್ತ ಪರೀಕ್ಷೇಲಿ ಎಷ್ಟೋ ಸಲ ಸಿಗೋದೇ ಇಲ್ಲ. ಅಂಟುರೋಗ ಅಲ್ಲ, ಹೆದರಬೇಡಿ. ಆದ್ರೆ ಮೊದಲೇ ಹೇಳಿದ್ರೆ ಈ ಗಿಣ್ಣು ಇಷ್ಟು ಸವೀತಿರಲಿಲ್ಲವೇನೋ."

ಬಸ್ಸಿನಲ್ಲಿ ಅಕ್ಕ ಔಷಧಿಯ ಚೀಟಿ ಬಿಚ್ಚಿ ಓದಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ವಾರಕ್ಕೊಂದು ದಿನ ನುಂಗುವ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ನಾಲ್ಕನೇ ತಿಂಗಳಿಗೆ ಊತ ಇಳಿಯಿತು, ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಬಂತು. ಸವೆದ ಗಿಣ್ಣು ಮಾತ್ರ ಪೂರ್ತಿ ಮಡಚಲಿಲ್ಲ. ಕೈ ಯಾಕೆ ನಿಧಾನವಾಯಿತು ಎಂದು ಕೇಳಿದವರಿಗೆ ಕಾಯಿಲೆಯ ಹೆಸರು ಹೇಳತೊಡಗಿದ. ಇಬ್ಬರು ಹಳೇ ಗಿರಾಕಿಗಳು ಆಮೇಲೆ ಬರಲಿಲ್ಲ. ಅದಕ್ಕೇ ಬಿಟ್ಟರೋ ಬೇರೆ ಕಾರಣಕ್ಕೋ, ಅವನು ವಿಚಾರಿಸಲು ಹೋಗಲಿಲ್ಲ.