ಆದೇಶದ ಹಿಂದಿನ ಪುಟ

ಹಳ್ಳಿಗಳ ಹೆರಿಗೆ ಕೇಂದ್ರ ಮುಚ್ಚಿದರೆ ಬಾಣಂತಿಯರು ಸಾಯುತ್ತಾರೆ ಎಂದು ತೋರಿಸಲು ಚಿಕ್ಕಮ್ಮ ಮೂರು ದೇಶ ಸುತ್ತಿ ನಾಲ್ಕು ವರ್ಷ ಸಂಶೋಧನೆ ಮಾಡಿದ್ದಳು. ಕೇಂದ್ರಗಳನ್ನು ಮುಚ್ಚಲು ಹೊರಟಿದ್ದ ಆರೋಗ್ಯ ಇಲಾಖೆ ಕೇಳಿದ್ದು ಒಂದೇ ಪುಟ. ಮುನ್ನೂರು ಪುಟವನ್ನು ನಾವಿಬ್ಬರೂ ಹಿಂಡಿ ಹಿಂಡಿ ಒಂದಕ್ಕಿಳಿಸಿ ಕೊಂಡೊಯ್ದೆವು.

ನಿರ್ದೇಶಕರು ನಿಂತಲ್ಲೇ ಓದಿದರು. “ಸಖತ್ತಾಗಿದೆ ಮೇಡಂ. ಆದ್ರೆ ಮುಚ್ಚೋ ಆದೇಶಕ್ಕೆ ನಿನ್ನೆನೇ ಸಹಿ ಬಿತ್ತು.”

“ಮತ್ತೆ ಇದ್ಯಾಕೆ ಸಾರ್?” ಎಂದಳು ಚಿಕ್ಕಮ್ಮ.

“ಸಂಶೋಧನೆ ಲಗತ್ತಿಸಿದೆ ಅಂತ ಆದೇಶದಲ್ಲಿ ಬರೆದಾಗಿದೆಯಲ್ಲ! ಯಾರೂ ಓದಲ್ಲ ಬಿಡಿ, ಹೆದರ್ಬೇಡಿ.”

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಪುಟ ವಾಪಸು ಪಡೆಯಲು ಚಿಕ್ಕಮ್ಮ ಕೈ ಚಾಚಿದಳು. ಅಷ್ಟರಲ್ಲಿ ಅವರು ಆದೇಶದ ಹಿಂದೆ ಪಿನ್ ಹೊಡೆದಾಗಿತ್ತು.

ಹೊರಗೆ ಬರುತ್ತಿದ್ದಂತೆ ಒಂದು ಕೇಂದ್ರದ ನರ್ಸ್ ಫೋನ್ ಮಾಡಿದರು. ಚಿಕ್ಕಮ್ಮ ಫೋನನ್ನು ನನ್ನ ಕೈಗಿತ್ತು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಅಕ್ಕಾ, ಹೇಳಿ, ನಮ್ದು ಉಳೀತಾ?” ಎಂದು ಅವರು ಕೇಳುತ್ತಲೇ ಇದ್ದರು.